ಕಂಪನಿಗೆ ಬರೆದುಕೊಟ್ಟ ಗಂಟಲು

ನಮ್ಮ ಭಾವ ಕದಿರಪ್ಪನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಕೂತು ಇವತ್ತಿಗೆ ಮೂರು ದಿನ. ಸಿಕ್ಕಿರುವುದು ಒಂದೇ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಅಲ್ಲಿಯವರೆಗೆ ಮಿಕ್ಕಿದ್ದನ್ನು ಕೇಳಿ. ತಂಗಿಯ ಗಂಡನನ್ನು ಆಡಿಕೊಳ್ಳುವುದು ನಮ್ಮ ತಾಯಲೂರು ಕಡೆ ತಪ್ಪಲ್ಲ. ಧಾರೆಯ ದಿನ ಅವನ ಕಾಲು ತೊಳೆದವರಿಗೆ ಅಷ್ಟಾದರೂ ಹಕ್ಕು ಇರಬೇಡವೇ?

ಕದಿರಪ್ಪ ವೇಮಗಲ್ಲಿನವನು. ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ಕಪಿಲೆ ಬಾವಿ, ಒಂದು ಜೊತೆ ಎತ್ತು. ಆಳು ಎತ್ತರ, ಎದೆ ಅಗಲ. ದನಿ ಎಷ್ಟು ದಪ್ಪವೆಂದರೆ ಅವನು ತೋಟದಲ್ಲಿ ನಿಂತು ಕೆಮ್ಮಿದರೆ ಬೀದಿಯಲ್ಲಿ ಯಾರಾದರೂ 'ಬಂದೆ' ಎನ್ನುತ್ತಿದ್ದರು. ಇಂಥ ದನಿ ಇರುವವನು ಹಾಡಿಯೇ ಹಾಡುತ್ತಾನೆ ಎಂದು ಊರಿನವರು ತಾವೇ ತೀರ್ಮಾನ ಮಾಡಿಕೊಂಡರು. ಅವನು ಇಲ್ಲ ಅನ್ನಲಿಲ್ಲ. ಅವನ ಬಾಳಿನ ತಾಪತ್ರಯಗಳೆಲ್ಲ ಹೀಗೇ ಶುರುವಾದದ್ದು. ಸುಳ್ಳನ್ನು ಅವನಾಗಿ ಹುಟ್ಟಿಸುತ್ತಿರಲಿಲ್ಲ. ಬೇರೆಯವರು ಹುಟ್ಟಿಸಿದ್ದನ್ನು ಎತ್ತಿ ಆಡಿಸುತ್ತಿದ್ದ.

ಮೂವತ್ತೆಂಟನೇ ಇಸವಿಯಲ್ಲಿ ಹುಣಿಸೇಹಣ್ಣಿನ ಮೂಟೆಗಳ ಜೊತೆ ರೈಲು ಹತ್ತಿ ಮದರಾಸಿಗೆ ಹೋದ. ಹುಣಿಸೇಹಣ್ಣು ಖರ್ಚಾಯಿತು, ಇವನು ಮಾತ್ರ ವಾಪಸು ಬರಲಿಲ್ಲ. ಇಪ್ಪತ್ತು ದಿನದ ಮೇಲೆ ಜುಟ್ಟು ತೆಗೆಸಿ, ಕ್ರಾಪು ಬಿಟ್ಟು, ಕುತ್ತಿಗೆಗೆ ಒಂದು ಕೆಂಪು ಶಾಲು ಸುತ್ತಿಕೊಂಡು ಬಂದಿಳಿದ. ಟಾಕಿಯಲ್ಲಿ ಪಾರ್ಟು ಮಾಡಿ ಬಂದಿದ್ದೀನಿ ಎಂದ. ಅಲ್ಲಿ ನಿಜವಾಗಿ ನಡೆದದ್ದೇನು ಎಂಬುದು ನಮಗೆ ಗೊತ್ತಾಗಲು ಐದು ವರ್ಷ ಹಿಡಿಯಿತು. ನಿಮ್ಮನ್ನು ಅಷ್ಟು ಕಾಯಿಸುವುದಿಲ್ಲ.

ಇವನು ಹುಣಿಸೇಹಣ್ಣು ಕೊಡಲು ಹೋದದ್ದು ಒಂದು ಸ್ಟುಡಿಯೋದ ಅಡುಗೆಮನೆಗೆ. ಅಲ್ಲಿ ಒಂದು ತೆಲುಗು ಟಾಕಿ ತೆಗೆಯುತ್ತಿದ್ದರು. ಹೆಸರು 'ಮದನಮಾಲಿನಿ ಲೇಕ ವೇಗುಲವಾಡು'. 'ಲೇಕ' ಎಂದರೆ 'ಅಥವಾ'. ಒಂದು ಸಿನಿಮಾಕ್ಕೆ ಎರಡು ಹೆಸರು ಯಾಕೆಂದರೆ ಅದು ಎರಡು ಸಿನಿಮಾ. ಮೊದಲು ಒಬ್ಬ ಡೈರೆಕ್ಟರು ಶತ್ರುವಿನ ಕೋಟೆಗೆ ನುಗ್ಗಿ ಫಿರಂಗಿ ಎಣಿಸಿಕೊಂಡು ಬರುವ ಬೇಹುಗಾರನ ಕಥೆ ಶುರು ಮಾಡಿದ್ದ. ಪುಸ್ತಕದ ತೆಲುಗಿನಲ್ಲಿ ವೇಗುಲವಾಡು ಎಂದರೆ ಬೇಹುಗಾರ. ನಡುವೆ ಯಾರೊಂದಿಗೋ ಜಗಳವಾಗಿ ಆ ಡೈರೆಕ್ಟರು ಎದ್ದು ಹೋದ. ಮಿಕ್ಕಿದ್ದನ್ನು ಹಾರ್ಮೋನಿಯಂ ಮೇಷ್ಟ್ರು ಮುಗಿಸಿದರು. ಅವರಿಗೆ ಫಿರಂಗಿಯ ವಿಷಯ ಗೊತ್ತಿರಲಿಲ್ಲ, ಹಾಡಿನ ವಿಷಯ ಗೊತ್ತಿತ್ತು. ಗೊತ್ತಿದ್ದದ್ದನ್ನು ಧಾರಾಳವಾಗಿ ಸುರಿದರು.

ಬೇಹುಗಾರನ ಪಾರ್ಟಿನವನಿಗೆ ಸಿಡುಬು ಎದ್ದಿತ್ತು. ಅವನಿಗೆಂದು ಹೊಲಿಸಿದ್ದ ಬೂಟು ಕಂಪನಿಯಲ್ಲಿ ಇನ್ನೊಬ್ಬರ ಕಾಲಿಗೆ ಆಗಲಿಲ್ಲ. ಹುಣಿಸೇಹಣ್ಣಿನವನ ಕಾಲಿಗೆ ಆಯಿತು. ಕಲಾವಿದ ಕದಿರಪ್ಪನನ್ನು ಆರಿಸಿದ್ದು ಹೀಗೆ. ಅವನಿಗೆ ಒಂದು ಹಾಡೂ ಇತ್ತು. ಇವನು ಬಾಯಿ ಬಿಟ್ಟೊಡನೆ ಹಾರ್ಮೋನಿಯಂ ಮೇಷ್ಟ್ರು ಕಿವಿ ಮುಚ್ಚಿಕೊಂಡು, ಸಣ್ಣ ಮೈಯ ಒಬ್ಬ ಭಾಗವತರನ್ನು ಕರೆಸಿ ಪೊದೆಯೊಳಗೆ ಕೂರಿಸಿದರು. ಭಾಗವತರು ಪೊದೆಯಲ್ಲಿ ಹಾಡುವುದು, ಕದಿರಪ್ಪ ಪೊದೆಯ ಮುಂದೆ ನಿಂತು ಬಾಯಿ ತೆಗೆದು ಮುಚ್ಚುವುದು. ತಪ್ಪದಿರಲಿ ಎಂದು ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದ ಒಂದು ಚೀಟಿ ಕೊಟ್ಟರು. ಹೊರಡುವ ಮುಂಚೆ ಇಂಗ್ಲಿಷಿನ ಒಂದು ಸ್ಟಾಂಪು ಕಾಗದಕ್ಕೆ ಸಹಿ ಹಾಕಿಸಿಕೊಂಡು ಅದರ ನಕಲನ್ನೂ ಕೊಟ್ಟರು. ಎರಡನ್ನೂ ಇವನು ಜೋಪಾನವಾಗಿ ತಂದ.

ಮಾರನೆಯ ವರ್ಷ ಸಿನಿಮಾ ಕೋಲಾರದ ಡೇರೆಗೆ ಬಂತು. ವೇಮಗಲ್ಲಿನಿಂದ ಹನ್ನೆರಡು ಗಾಡಿ ಹೊರಟವು. ನಾನೂ ಅಪ್ಪನೂ ಮುಳಬಾಗಿಲಿಗೆ ಬಂದಾಗ ನೋಡಿದೆವು. ಹದಿನಾಲ್ಕು ರೀಲು, ಇಪ್ಪತ್ತಾರು ಹಾಡು. ಬೇಹುಗಾರ ಕತ್ತಲಲ್ಲಿ ಗೋಡೆ ಹಾರುತ್ತಾನೆ, ನಮ್ಮ ಎದೆ ಡವಡವ ಎನ್ನುತ್ತದೆ, ಅಷ್ಟರಲ್ಲಿ ವೀಣೆ ಶುರು. ಮದನಮಾಲಿನಿ ಎಂಬ ರಾಜನರ್ತಕಿ ವಿಷ ಕುಡಿಯುತ್ತಾಳೆ, ಕುಡಿದ ಮೇಲೆ ಮೂರು ಹಾಡು ಹಾಡಿ ಸಾಯುತ್ತಾಳೆ, ಸತ್ತ ಮೇಲೆ ಒಂದು. ರಾಜನ ಅರಮನೆಯ ಗೋಡೆಯಲ್ಲಿ ಎಲೆಕ್ಟ್ರಿಕ್ ಗುಂಡಿ ಕಾಣುತ್ತದೆ. ಏಳನೇ ರೀಲಿನಲ್ಲಿ ನಮ್ಮ ಕದಿರಪ್ಪ ಕಟ್ಟುಮೀಸೆ, ಬೂಟು, ಕೆಂಪು ಶಾಲಿನಲ್ಲಿ (ಪರದೆಯ ಮೇಲೆ ಅದು ಕಪ್ಪು) ಪೊದೆಯ ಮುಂದೆ ನಿಂತು, ಯಾರಿಗೂ ತಿಳಿಯಬಾರದ ಗುಟ್ಟನ್ನು ಗಟ್ಟಿಯಾಗಿ ಹಾಡುತ್ತಾನೆ. "ಉತ್ತರಾನ ನೂರು ಫಿರಂಗುಲು, ದಕ್ಷಿಣಾನ ಮುನ್ನೂರು ಗುರ್ರಾಲು, ನಡುಮ ನೀವೇ ಓ ಚೆಲಿಯಾ." ಉತ್ತರಕ್ಕೆ ನೂರು ಫಿರಂಗಿ, ದಕ್ಷಿಣಕ್ಕೆ ಮುನ್ನೂರು ಕುದುರೆ, ನಡುವೆ ನೀನೇ ಓ ಗೆಳತಿ. ಎರಡು ಮಾರು ದೂರದಲ್ಲಿ ಶತ್ರುವಿನ ಕಾವಲಿನವರು ನಿಂತಿರುತ್ತಾರೆ. ಅವರಲ್ಲೊಬ್ಬ ತಾಳ ಹಾಕುವುದನ್ನು ನಾನು ಕಣ್ಣಾರೆ ಕಂಡೆ.

ಆದರೆ ಹಾಡು ಚೆನ್ನಾಗಿತ್ತು. ಪೊದೆಯೊಳಗಿನ ಆ ಪುಣ್ಯಾತ್ಮ ಯಾರೋ, ಕರುಳು ಹಿಂಡುವಂತೆ ಹಾಡಿದ್ದ.

ಡೇರೆಯ ಮಾಲೀಕ ಶ್ರೀನಿವಾಸಪುರದ ಸುಬ್ಬರಾಯಪ್ಪ. ಅವನ ಸ್ಪೀಕರಿನ ಬಾಯಿ ಹರಿದಿತ್ತು. ತೆಲುಗು ನಮಗೆ ಮನೆಮಾತೇ ಆದರೂ 'ವೇಗುಲವಾಡು' ನಮ್ಮ ಬಾಯಲ್ಲಿ ಆಡುವ ಪದವಲ್ಲ. ವೇಮಗಲ್ಲಿನ ಗಂಡಸನ್ನು ಮುಳಬಾಗಿಲು, ಶ್ರೀನಿವಾಸಪುರದ ಕಡೆ 'ವೇಮಗಲ್ವಾಡು' ಅನ್ನುತ್ತಾರೆ. ಹೀಗಾಗಿ ಪರದೆಯ ಮೇಲೆ ರಾಜ 'ವೇಗುಲವಾಡೆಕ್ಕಡ' ಎಂದು ಅಬ್ಬರಿಸಿದಾಗ, ವೇಮಗಲ್ಲಿನವನೆಲ್ಲಿ ಎಂದು ಕೇಳಿದನೆಂದೇ ಇಡೀ ಡೇರೆ ತಿಳಿಯಿತು. ಜನ ಶಿಳ್ಳೆ ಹೊಡೆದು, ಆಟಕ್ಕೆ ಬಂದಿದ್ದ ಕದಿರಪ್ಪನನ್ನು ಎತ್ತಿ ತೋರಿಸಿದರು. ಕಂಪನಿಯವರು ಗೌರವಕ್ಕಾಗಿ ನಟನ ಊರಿನ ಹೆಸರನ್ನೇ ಕಥೆಗೆ ಸೇರಿಸಿದ್ದಾರೆಂದು ನಮ್ಮಪ್ಪ ಅಕ್ಕಪಕ್ಕದವರಿಗೆ ವಿವರಿಸಿದ. ಆವತ್ತಿನಿಂದ ಎರಡು ಪದವೂ ಒಂದಾಗಿ, ಕದಿರಪ್ಪನಿಗೆ ವೇಗುಲವಾಡು ಎಂದೇ ಹೆಸರು ನಿಂತಿತು. ಅದರ ಅರ್ಥ ಮದರಾಸಿನಲ್ಲೇ ಗೊತ್ತಾಗಿದ್ದರೂ ಅವನು ಇಲ್ಲ ಅನ್ನಲಿಲ್ಲ.

ನಮ್ಮಪ್ಪ ಗಂಗುಲಪ್ಪನ ವಿಷಯ ಹೇಳಬೇಕು. ತಾಯಲೂರಿನಲ್ಲಿ ಮೂವತ್ತು ವರ್ಷದಿಂದ ನಮ್ಮ ಮನೆಯ ಜಗಲಿಯಲ್ಲಿ ಶನಿವಾರದ ಭಜನೆ. ನಶ್ಯ ಏರಿಸಿ ಏರಿಸಿ ಅಪ್ಪನ ದನಿ ಕೆಟ್ಟಿತ್ತು. ಮಿಕ್ಕವರಿಗೆ ದನಿ ಕೆಡುವುದಕ್ಕೂ ಇರಲಿಲ್ಲ. ಮುಂದೆ ನಿಂತು ಹಾಡುವ ಒಂದು ಕಂಠಕ್ಕಾಗಿ ಅಪ್ಪ ಊರೂರು ಅಲೆಯುತ್ತಿದ್ದ. ಮನೆಯೊಳಗೆ ನನ್ನ ತಂಗಿ ಮುನಿಗಂಗಮ್ಮ ರಾಗಿ ಬೀಸುತ್ತ ಏನಾದರೂ ಹಾಡಿಕೊಳ್ಳುತ್ತಿದ್ದಳು. ಹೆಣ್ಣುಮಕ್ಕಳ ಗಂಟಲು ಜಗಲಿಗೆ ಕೇಳಬಾರದು ಎನ್ನುವುದು ಅಪ್ಪನ ಕಾನೂನು. ಜಾರಿ ಮಾಡುವ ಕೆಲಸ ನನ್ನದು. ಬಾಗಿಲಿಗೆ ಹೋಗಿ ಕೈ ಎತ್ತಿ 'ಸುಮ್ನಿರು' ಎಂದರೆ ಅವಳು ನಿಲ್ಲಿಸುತ್ತಿದ್ದಳು, ಕಲ್ಲು ಮಾತ್ರ ತಿರುಗುತ್ತಿತ್ತು.

ಮುಳಬಾಗಿಲಿನ ಡೇರೆಯಿಂದ ಹೊರಗೆ ಬಂದವನೇ ಅಪ್ಪ ಕದಿರಪ್ಪನ ಎರಡೂ ಕೈ ಹಿಡಿದುಕೊಂಡ. ಜಾತಕ ಕೇಳಲಿಲ್ಲ, ಜಮೀನು ಕೇಳಲಿಲ್ಲ. ಎರಡು ತಿಂಗಳಲ್ಲಿ ಮದುವೆ ಆಯಿತು. ಮೊದಲ ಶನಿವಾರ ಅಳಿಯನನ್ನು ಮಣೆ ಹಾಕಿ ಕೂರಿಸಿ, ಸುತ್ತಲ ಐದು ಹಳ್ಳಿಯ ಭಜನೆಯವರನ್ನು ಕರೆಸಿ, ಇನ್ನು ಶುರು ಮಾಡಿ ಎಂದ. ಕದಿರಪ್ಪ ಶಾಲು ಸರಿಮಾಡಿಕೊಂಡು, ಚೀಲದಿಂದ ಆ ಸ್ಟಾಂಪು ಕಾಗದ ತೆಗೆದು ಅಪ್ಪನ ಮುಂದೆ ಇಟ್ಟ. ಬಾಂಡು ಎಂದ. ಹತ್ತು ವರ್ಷ ಕಂಪನಿಗಲ್ಲದೆ ಬೇರೆ ಎಲ್ಲೂ ಹಾಡಕೂಡದು, ಗಂಟಲನ್ನು ಬರೆದುಕೊಟ್ಟುಬಿಟ್ಟಿದ್ದೀನಿ ಎಂದ. ಇಂಗ್ಲಿಷು ಯಾರಿಗೆ ಬರುತ್ತಿತ್ತು? ಅಪ್ಪ ಆ ಕಾಗದವನ್ನು ಕಣ್ಣಿಗೊತ್ತಿಕೊಂಡ. ಹೊಲ ಬರೆದುಕೊಟ್ಟವರು, ಮನೆ ಬರೆದುಕೊಟ್ಟವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಮಂದಿ. ಗಂಟಲು ಬರೆದುಕೊಟ್ಟವನು ಇವನೊಬ್ಬನೇ. ಅಳಿಯನ ಮರ್ಯಾದೆ ಇಮ್ಮಡಿಯಾಯಿತು.

ಆಮೇಲಿನ ನಾಲ್ಕು ವರ್ಷ ನಮ್ಮ ಮನೆಯಲ್ಲಿ ಆ ಗಂಟಲಿಗೆ ನಡೆದ ಉಪಚಾರ ದೇವರಿಗೂ ನಡೆಯಲಿಲ್ಲ. ತಿಂಗಳಿಗೊಂದು ಶನಿವಾರ ಬರುತ್ತಿದ್ದ. ಮೆಣಸು ಹಾಕಿ ಕಾಸಿದ ಹಾಲು. ತಣ್ಣೀರು ಕೊಡಕೂಡದು, ಕಂಪನಿಯ ಸೊತ್ತು. ಬಿಸಿಲಿಗೆ ಹೋಗಕೂಡದು, ಕಂಪನಿಯ ಸೊತ್ತು. ಇವನು ಕಣ್ಣು ಮುಚ್ಚಿ ಕೂತು, ಬೇರೆಯವರು ಹಾಡುವಾಗ ಒಂದು ಕಡೆ ಹುಬ್ಬು ಏರಿಸುತ್ತಿದ್ದ. ಅವರು ಹೆದರಿ ಶ್ರುತಿ ತಪ್ಪುತ್ತಿದ್ದರು. ನಾನೂ ಹೆದರಿದವನೇ, ಬರೆಯಲು ನಾಚಿಕೆಯಾಗುತ್ತದೆ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಗುಟ್ಟು ಅವನ ಜೊತೆಗೇ ಮಣ್ಣಿಗೆ ಹೋಗುತ್ತಿತ್ತು. ಆದರೆ ಯುದ್ಧ ಶುರುವಾಗಿ ಹೊಸ ಸಿನಿಮಾ ಸಿಗುವುದು ಕಷ್ಟವಾಯಿತು. ಸುಬ್ಬರಾಯಪ್ಪ ಹಳೆಯ ಮದನಮಾಲಿನಿಯನ್ನೇ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಎಂದು ಸುತ್ತಿಸತೊಡಗಿದ. ಒಂದೊಂದು ಊರಿಗೆ ಒಂದೊಂದು ರುಚಿ. ಮುಳಬಾಗಿಲಿನವರಿಗೆ ಹಾಡು ಬೇಕು ಎಂದು ಅಲ್ಲಿ ಬಡಿದಾಟದ ರೀಲು ಎತ್ತಿಟ್ಟ. ಕೋಲಾರದವರಿಗೆ ಬಡಿದಾಟ ಬೇಕು ಎಂದು ಅಲ್ಲಿ ಹಾಡು ಎತ್ತಿಟ್ಟ. ಶ್ರೀನಿವಾಸಪುರದಲ್ಲಿ ರೀಲು ಹಿಂದುಮುಂದಾಗಿ, ಮೊದಲೇ ಗುಂಡು ತಿಂದು ಸತ್ತ ಕದಿರಪ್ಪ ಆಮೇಲೆ ಎದ್ದು ಬಂದು ಹಾಡಿದ. ಜನ ಅದನ್ನು ಭೂತದ ಕಥೆ ಎಂದುಕೊಂಡು ಮೆಚ್ಚಿದರು. ಆ ಸುತ್ತಿನಲ್ಲಿ ಇಡೀ ಸಿನಿಮಾ ನೋಡಿದವನು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಒಬ್ಬನೂ ಇಲ್ಲ.

ಸಿನಿಮಾ ಹೋದಲ್ಲೆಲ್ಲ ಕದಿರಪ್ಪನೂ ಹೋಗುತ್ತಿದ್ದ. ಪರದೆಯ ಪಕ್ಕ ಅವನಿಗೊಂದು ಕುರ್ಚಿ. ಹಾಡು ಬಂದಾಗ ಎದ್ದು ನಿಂತು ಕೈ ಮುಗಿಯುತ್ತಿದ್ದ. ಸುಬ್ಬರಾಯಪ್ಪ ನೋಟೀಸು ಅಚ್ಚು ಹಾಕಿಸಿದ, ತೆಲುಗಿನಲ್ಲೂ ಕನ್ನಡದಲ್ಲೂ: 'ಎಚ್ಚರ! ವೇಗುಲವಾಡು ನಿಮ್ಮ ಊರಿಗೇ ಬರುತ್ತಿದ್ದಾನೆ!' ಕೆಳಗೆ ಯಾವ ಊರು, ಯಾವ ತಾರೀಖು ಎಂಬ ಪಟ್ಟಿ.

ನಲವತ್ತಮೂರರಲ್ಲಿ ಡೇರೆ ಮಾಲೂರಿಗೆ ಹೋಯಿತು. ಮುನಿಗಂಗಮ್ಮ ರೈಲು ಕಂಡವಳಲ್ಲ, ತಾನೂ ಬರುತ್ತೇನೆಂದಳು. ಜೊತೆಗೆ ನಾನು ಹೋದೆ. ಕೋಲಾರದಲ್ಲಿ ಹತ್ತಿ, ಬೌರಿಂಗ್‌ಪೇಟೆಯಲ್ಲಿ ಗಾಡಿ ಬದಲಾಯಿಸಿ, ಮಧ್ಯಾಹ್ನ ಮೂರರ ಹೊತ್ತಿಗೆ ಮಾಲೂರಿನಲ್ಲಿ ಇಳಿದೆವು. ಎದುರು ಲೈನಿನಲ್ಲಿ ಮಿಲಿಟರಿ ಗಾಡಿಯೊಂದು ನಿಂತಿತ್ತು. ಅದರ ಸುತ್ತ ಪಹರೆ. ಸುಬ್ಬರಾಯಪ್ಪ ಆ ಕಡೆಯ ಬೇಲಿಯ ಹತ್ತಿರದಿಂದ, ಇಡೀ ಸ್ಟೇಷನ್ನಿಗೆ ಕೇಳುವಂತೆ ಕೂಗಿದ: "ರಾ ರಾ ವೇಗುಲವಾಡಾ! ನೀ ಕೋಸಮೇ ಕಾಚುಕೋನುಂಡಾ!"

ಬಾ ಬಾ ಬೇಹುಗಾರ, ನಿನಗಾಗಿಯೇ ಕಾಯುತ್ತಿದ್ದೇನೆ. ಪಹರೆಯ ಜಮಾದಾರನಿಗೆ ತೆಲುಗು ಬರುತ್ತಿತ್ತು, ಅದೂ ಪುಸ್ತಕದ ತೆಲುಗು. ಅವನು ಬಂದು ಕದಿರಪ್ಪನ ಭುಜ ಹಿಡಿದು, ನೀನು ವೇಗುಲವಾಡಾ ಎಂದು ಕೇಳಿದ. ಇವನು ಮೀಸೆಯ ತುದಿ ತಿರುವಿ ಹೌದು ಎಂದ. ಸುತ್ತ ನಾಲ್ಕು ಜನ ನೋಡುತ್ತಿರುವಾಗ ಅವನು ಇಲ್ಲ ಎಂದದ್ದು ಎಂದಾದರೂ ಉಂಟೇ? ಸುಬ್ಬರಾಯಪ್ಪನ ಕಡೆ ತಿರುಗಿ ನೋಡಿದೆ. ಆಸಾಮಿ ಅಲ್ಲಿರಲಿಲ್ಲ.

ಗೂಡ್ಸ್ ಶೆಡ್ಡಿನ ಪಕ್ಕ ಒಂದು ಕೋಣೆ. ಯುದ್ಧದ ತಪಾಸಣೆಗೆಂದು ಹೊರಗಿನಿಂದ ಬಂದಿದ್ದ ಒಬ್ಬ ಅಧಿಕಾರಿ ಅಲ್ಲಿ ಕೂತಿದ್ದರು. ನಮ್ಮ ಕನ್ನಡವೇ ಮಾತಾಡುತ್ತಿದ್ದರು, ಆದರೆ ನಗುತ್ತಿರಲಿಲ್ಲ. ಕದಿರಪ್ಪನ ಚೀಲ ಮೇಜಿನ ಮೇಲೆ ಸುರಿದರು. ಊರು, ತಾರೀಖು ಬರೆದ ನೋಟೀಸುಗಳು ಬಿದ್ದವು. ನಾಲ್ಕಾಗಿ ಮಡಿಸಿದ ಆ ಚೀಟಿ ಬಿತ್ತು. ಅಧಿಕಾರಿ ಬಿಡಿಸಿ ಓದಿದರು. ಉತ್ತರಕ್ಕೆ ನೂರು ಫಿರಂಗಿ. ದಕ್ಷಿಣಕ್ಕೆ ಮುನ್ನೂರು ಕುದುರೆ. ಕಿಟಕಿಯಿಂದ ಆಚೆ, ಹಳಿಯ ಮೇಲೆ ನಿಂತಿದ್ದ ಮಿಲಿಟರಿ ಗಾಡಿಯನ್ನು ಒಂದು ಸಲ ನೋಡಿದರು. ಐದು ಗಂಟೆಯ ಗಾಡಿಗೆ ಇವನನ್ನು ಬೆಂಗಳೂರಿಗೆ ಕಳಿಸುವುದಕ್ಕೆ ಕಾಗದ ತಯಾರು ಮಾಡು ಎಂದು ಜಮಾದಾರನಿಗೆ ಹೇಳಿದರು. ಆ ಕಾಲದಲ್ಲಿ ಹಾಗೆ ಹೋದವರು ಎಂದು ಬರುತ್ತಾರೆ, ಬರುತ್ತಾರೋ ಇಲ್ಲವೋ, ಕೇಳುವವರಿರಲಿಲ್ಲ.

ಇದು ಹಾಡು ಸ್ವಾಮಿ, ಸಿನಿಮಾ ಹಾಡು ಎಂದು ನಾನು ಬಡಬಡಿಸಿದೆ. ಸಂಜೆ ಡೇರೆಗೆ ಬಂದರೆ ಕಣ್ಣಾರೆ ಕಾಣಬಹುದು ಎಂದೆ. ಗಾಡಿ ಐದಕ್ಕೆ, ಆಟ ಏಳಕ್ಕೆ ಎಂದರು ಅವರು. ಆಮೇಲೆ ಕದಿರಪ್ಪನ ಕಡೆ ಚೀಟಿ ನೂಕಿದರು.

"ಹಾಡು ತಾನೆ? ಹಾಡು. ಹಾಡಿದರೆ ಬಿಡ್ತೀನಿ."

ಅಯ್ಯೋ, ಎಷ್ಟು ಸುಲಭದ ಮಾತು ಎಂದು ನಾನು ಉಸಿರು ಬಿಟ್ಟೆ. ಕದಿರಪ್ಪ ಬೆವರುತ್ತಿದ್ದ. ಅಂಗಿಯ ಜೇಬಿನಿಂದ ಸ್ಟಾಂಪು ಕಾಗದ ತೆಗೆದು ಮೇಜಿನ ಮೇಲಿಟ್ಟು, ಬಾಂಡಿದೆ ಸ್ವಾಮಿ, ಕಂಪನಿಗಲ್ಲದೆ ಬೇರೆ ಎಲ್ಲೂ ಹಾಡುವಂತಿಲ್ಲ ಎಂದ. ಬೆಂಗಳೂರಿಗೆ ಹೋಗುತ್ತೀಯಾ ಎಂದರೂ ಬಾಂಡು ಹಿಡಿದುಕೊಂಡು ಕೂತವನನ್ನು ಕಂಡು ನನಗೆ ಮೈ ಉರಿಯಿತು. ಅಧಿಕಾರಿ ಕಾಗದ ಎತ್ತಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಕನ್ನಡದಲ್ಲಿ ಹೇಳಿದರು: ಒಂದು ಜೊತೆ ಬೂಟು, ಒಂದು ಕಟ್ಟುಮೀಸೆ, ಒಂದು ಕೆಂಪು ಶಾಲು ಕಂಪನಿಯಿಂದ ಪಡೆದಿದ್ದೇನೆ, ಕೆಲಸ ಮುಗಿದ ದಿನ ವಾಪಸು ಒಪ್ಪಿಸುತ್ತೇನೆ. ಇಷ್ಟೇ ಇದರಲ್ಲಿರುವುದು. ಶಾಲು ಒಪ್ಪಿಸಿದೆಯಾ?

ಶಾಲು ಅವನ ಕುತ್ತಿಗೆಯಲ್ಲೇ ಇತ್ತು. ನಾಲ್ಕು ವರ್ಷ ನಾವು ಕಣ್ಣಿಗೊತ್ತಿಕೊಂಡದ್ದು ಬೂಟಿನ ರಸೀದಿ.

ಇನ್ನು ದಾರಿ ಇರಲಿಲ್ಲ. ಕದಿರಪ್ಪ ಹಾಡಿದ. ಅದನ್ನು ಹೇಗೆ ವರ್ಣಿಸಲಿ? ಉಳುವವನು ಹೊಲದ ಆ ತುದಿಯಲ್ಲಿರುವ ಎತ್ತನ್ನು ಗದರಿಸುತ್ತಾನಲ್ಲ, ಹಾಗೆ. ನೂರು ಫಿರಂಗಿ ಎಂದು ನಿಂತ, ಉಸಿರು ಎಳೆದ, ಮುನ್ನೂರು ಕುದುರೆ ಎಂದು ನಿಂತ. ಅಧಿಕಾರಿ ಜಮಾದಾರನ ಮುಖ ನೋಡಿದರು. ಇದು ಹಾಡಲ್ಲ, ಲೆಕ್ಕ ಒಪ್ಪಿಸುತ್ತಿದ್ದಾನೆ ಎಂದ ಜಮಾದಾರ. ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು.

ಆಗ ನಮ್ಮ ಭಾವ ಹುಟ್ಟಿದಾರಭ್ಯ ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನೆಲ ನೋಡಿಕೊಂಡು, ಹಾಡಿದ್ದು ನಾನಲ್ಲ ಸ್ವಾಮಿ, ಪೊದೆಯೊಳಗೆ ಇನ್ನೊಬ್ಬರಿದ್ದರು ಎಂದ. ಅಧಿಕಾರಿ ಪೆನ್ನು ಎತ್ತಿಕೊಂಡರು. ಯಾವ ಪೊದೆ? ಅಡಗಿದ್ದವನ ಹೆಸರೇನು? ಈಗ ಎಲ್ಲಿದ್ದಾನೆ? ನಿಜ ಹೇಳಿದ ಮೊದಲ ಸಲಕ್ಕೇ ಅವನ ತಲೆಗೆ ಒಬ್ಬ ಸಹಚರನೂ ಗಂಟುಬಿದ್ದ. ಗಡಿಯಾರದಲ್ಲಿ ನಾಲ್ಕೂವರೆ.

ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದ ಮುನಿಗಂಗಮ್ಮ ಎರಡು ಹೆಜ್ಜೆ ಒಳಗೆ ಬಂದಳು.

"ಸ್ವಾಮಿ, ಅದು ಹಾಡೇ. ಇವ್ರಿಗೆ ಬರಲ್ಲ ಅಷ್ಟೆ. ನಾನು ಹಾಡ್ತೀನಿ, ಕೇಳಿ."

ಪಹರೆಯವರ ಮುಂದೆ, ಅಷ್ಟು ಜನ ಗಂಡಸರ ನಡುವೆ, ನಮ್ಮ ಮನೆಯ ಹೆಣ್ಣುಮಗಳು. ಅಭ್ಯಾಸಬಲ ನೋಡಿ, ನನ್ನ ಕೈ ತಾನಾಗಿಯೇ ಮೇಲೆದ್ದಿತು. ಅವಳು ನನ್ನ ಕಡೆ ತಿರುಗಿ, "ಅಣ್ಣ, ಇವತ್ತು ನೀನು ಸುಮ್ನಿರು" ಎಂದಳು. ಕೈ ಇಳಿಸಿದೆ.

ಹಾಡು ಡೇರೆಯಲ್ಲಿ ಕೇಳಿಯೇ ಬಾಯಿಗೆ ಬಂದಿತ್ತು, ಅವಳು ಚೀಟಿ ನೋಡಲಿಲ್ಲ. ಗೋಡೆ ನೋಡಿಕೊಂಡು ಹಾಡಿದಳು. ಉತ್ತರಾನ ನೂರು ಫಿರಂಗುಲು ಎಂಬಲ್ಲಿ ದನಿ ಮೆಲ್ಲಗೆ ಏರಿತು. ಓ ಚೆಲಿಯಾ ಎಂಬಲ್ಲಿ ತಿರುಗಿ ಬಂತು. ಆ ಭಾಗವತನದ್ದು ಒಳ್ಳೆಯ ಹಾಡು, ಇವಳದ್ದು ಅದಕ್ಕಿಂತ ಒಳ್ಳೆಯದು. ಹೊರಗೆ ಪಹರೆಯವನು ಕಿಟಕಿಗೆ ಬಂದು ನಿಂತ. ಜಮಾದಾರನ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು, ಆ ಸಿನಿಮಾದ ಕಾವಲಿನವನ ಹಾಗೆಯೇ. ನಾನು ಹದಿನೈದು ವರ್ಷ ಕೈ ಎತ್ತಿ ನಿಲ್ಲಿಸಿದ್ದು ಇದನ್ನೇ. ನನಗೆ ಅಳು ಬಂತು, ಅವಮಾನವೂ ಆಯಿತು. ನಮ್ಮಪ್ಪ ಮೂವತ್ತು ಊರು ಅಲೆದು ಹುಡುಕಿದ ಕಂಠ ನಮ್ಮ ಬೀಸುವ ಕಲ್ಲಿನ ಪಕ್ಕದಲ್ಲೇ ಇತ್ತು, ಅದಕ್ಕೆ ನಾನೇ ಕಾವಲು.

ಹಾಡು ಮುಗಿದ ಮೇಲೆ ಅಧಿಕಾರಿ ತಯಾರಾಗಿದ್ದ ಕಾಗದ ಹರಿದರು. ನೋಟೀಸುಗಳನ್ನು ತಾವೇ ಇಟ್ಟುಕೊಂಡರು, ಚೀಟಿಯನ್ನು ಮುನಿಗಂಗಮ್ಮನ ಕೈಗೆ ಕೊಟ್ಟರು. ಆಟ ನೋಡದೆ ಊರ ಕಡೆಯ ಮುಂದಿನ ಗಾಡಿಗೆ ನಾವು ಹಿಂದಿರುಗಿದೆವು. ಬೌರಿಂಗ್‌ಪೇಟೆ ಬಂದಾಗ ಕದಿರಪ್ಪ, ತನಗೆ ಹಾಡಲು ಬರುವುದಿಲ್ಲವೆಂದು ಯಾವಾಗಿನಿಂದ ಗೊತ್ತಿತ್ತು ಎಂದು ಹೆಂಡತಿಯನ್ನು ಕೇಳಿದ.

"ಮದ್ವೆ ಆದ ಎಂಟನೇ ದಿನ. ಬಚ್ಚಲಲ್ಲಿ ಗುನುಗಿದ್ರಲ್ಲ."

"ಮತ್ಯಾಕೆ ಹೇಳ್ಲಿಲ್ಲ?"

"ನನ್ನನ್ನ ಯಾರು ಕೇಳಿದ್ರು?"

ಅಷ್ಟು ದಿನ ನಮ್ಮೆಲ್ಲರ ನಡುವೆ ಓಡಾಡಿಕೊಂಡು ಗುಟ್ಟು ಕಾಪಾಡಿದವಳು ಇವಳು. ಸಿನಿಮಾದವರು ಬೇಹುಗಾರನ ವೇಷ ಹಾಕಿಸಿದ್ದು ತಪ್ಪು ಮನುಷ್ಯನಿಗೆ.

ಮುಂದಿನ ಶನಿವಾರ ಅವರಿಬ್ಬರೂ ತಾಯಲೂರಿಗೆ ಬಂದರು. ಅಪ್ಪನಿಗೆ ನಾನು ಏನೂ ಹೇಳಿರಲಿಲ್ಲ, ಧೈರ್ಯವಿರಲಿಲ್ಲ. ಎಂದಿನಂತೆ ಮಣೆ, ಎಂದಿನಂತೆ ಮೆಣಸಿನ ಹಾಲು. ಜಗಲಿಯ ತುಂಬ ಜನ. ಕದಿರಪ್ಪ ಕೂರಲಿಲ್ಲ. ಕುತ್ತಿಗೆಯಿಂದ ಶಾಲು ತೆಗೆದು ಮಣೆಯ ಮೇಲಿಟ್ಟು, ಬೂಟು, ಪೊದೆ, ಭಾಗವತ, ಮಾಲೂರು ಎಲ್ಲವನ್ನೂ ಅಷ್ಟು ಜನರ ಮುಂದೆ ಹೇಳಿಬಿಟ್ಟ. ಯಾರೋ ಹಿಂದಿನಿಂದ ಕಿಸಕ್ಕೆಂದರು. ಅಪ್ಪನ ಮುಖ ಕೆಂಡವಾಯಿತು. ನಾಲ್ಕು ವರ್ಷ ಹಾಲು ಕುಡಿದೆಯಲ್ಲೋ ಎಂದ. ಅಳಿಯನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಇನ್ನು ಈ ಭಜನೆಗೆ ಹಾಡುವವರು ಯಾರು ಎಂದು ತಲೆಯ ಮೇಲೆ ಕೈ ಹೊತ್ತ.

ಮುನಿಗಂಗಮ್ಮ ಹಾಡುತ್ತಾಳೆ ಎಂದ ಕದಿರಪ್ಪ. ಅಪ್ಪ ನಶ್ಯದ ಡಬ್ಬಿ ಕೆಳಗಿಟ್ಟು, ನಮ್ಮ ಮನೆ ಹೆಣ್ಣುಮಕ್ಕಳ ಗಂಟಲು ಜಗಲಿಗೆ ಬರುವುದಿಲ್ಲ ಎಂದ. ಎಂದಿನ ಕದಿರಪ್ಪನಾಗಿದ್ದರೆ ಹೌದು ಮಾವ ಎನ್ನುತ್ತಿದ್ದ. ಆವತ್ತು ಇಲ್ಲ ಎಂದ. ಆಮೇಲೆ ಹೇಳಿದ:

"ನನ್ನ ಗಂಟಲು ಕಂಪನಿಗೆ ಬರ್ಕೊಟ್ಟಿದೀನಿ ಅಂತ ನಾನು ಸುಳ್ಳು ಹೇಳ್ದೆ, ಮಾವ. ಇವಳ ಗಂಟ್ಲನ್ನ ನೀವು ಯಾರಿಗೆ ಬರ್ಕೊಟ್ಟಿದೀರಿ?"

ಮೊದಲಲ್ಲೇ ಹೇಳಿದೆನಲ್ಲ, ಕದಿರಪ್ಪನ ಬಗ್ಗೆ ಒಂದು ಒಳ್ಳೆಯ ಮಾತು ಸಿಕ್ಕಿದೆ ಎಂದು. ಇದೇ ಅದು, ಅವನೇ ಆಡಿದ್ದು.

ಅಪ್ಪ ನನ್ನ ಕಡೆ ನೋಡಿದ. ಕಾನೂನು ಜಾರಿ ಮಾಡುವವನು ನಾನಲ್ಲವೇ? ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತೆ. ಒಳಗೆ ಬೀಸುವ ಕಲ್ಲು ನಿಂತಿತು. ಮುನಿಗಂಗಮ್ಮ ಕೈಗಂಟಿದ ರಾಗಿಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಹೊಸ್ತಿಲು ದಾಟಿ, ಜಗಲಿಯ ಮೇಲೆ ಕೂತಳು. ತಾಳ ಕದಿರಪ್ಪ ತೆಗೆದುಕೊಂಡ. ಅವನಿಗೆ ಅದೂ ಬರುತ್ತಿರಲಿಲ್ಲ.